ಕೊಂಬು ತಿರುಗಿದ ಕಡೆ

ಹೊಸಬಾವಿ ಓಣಿಯಲ್ಲಿ ಗೂಳಿಗೆ ಮೊದಲ ಏಟು ಬಿದ್ದದ್ದು ಒಂದು ಮಂಗಳವಾರ ಬೆಳಗ್ಗೆ. ಹೊಡೆದವನು ಗ್ಯಾಸ್ ವೆಲ್ಡಿಂಗ್ ಕೆಲಸದ ಸಂಗನಬಸು. ಅವನ ಮನೆಯ ಮುಂದೆ ನಿಂತಿದ್ದ ಆಟೊದ ಮೇಲೆ ಆರು ದಿನ ಒಂದೇ ಸಮನೆ ಹಿಮ ಬಂದು ಬಿದ್ದಿತ್ತು. ಆರು ದಿನವೂ ಅವನು ಅದನ್ನು ಅಗೆದು ಹೊರಗೆ ತೆಗೆದಿದ್ದ. ಏಳನೆಯ ದಿನ ಗೂಳಿ ಓಣಿಯ ತಿರುವಿನಲ್ಲಿ ಕಾಣಿಸಿದಾಗ ಅವನು ಅಗೆಯುವುದನ್ನು ನಿಲ್ಲಿಸಿ, ಎರಡೂ ಕೈಯಿಂದ ಹಾರೆ ಎತ್ತಿ ಅದರ ಬಾಯೊಳಗೆ ಎಸೆದುಬಿಟ್ಟ.

ಒಳಗೆ ತಿರುಗುತ್ತಿದ್ದ ಉಕ್ಕಿನ ಸುರುಳಿ ಹಾರೆಯನ್ನು ಕಚ್ಚಿಕೊಂಡು ಎರಡು ಸುತ್ತು ತಿರುಗಿತು. ಹಲ್ಲು ಜುಮ್ಮೆನ್ನುವಂಥ ಸದ್ದು. ಗೂಳಿ ನಡುಗಿ ನಿಂತಿತು. ಸಂಗನಬಸುವಿನ ಮನೆಯಿದ್ದ ಪಡುವಲ ಸಾಲಿನ ಜನ ಸಲಿಕೆ ಎತ್ತಿ ಕೇಕೆ ಹಾಕಿದರು. ಕಂಪನಿಯ ರಿಪೇರಿಯವರು ಬಂದು ಹಾರೆಯ ಚೂರುಗಳನ್ನು ತೆಗೆದು ಹೋಗುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು.

ಹುಬ್ಬಳ್ಳಿಯಲ್ಲಿ ಹಿಮ ಬೀಳಲು ಶುರುವಾಗಿ ಅದು ಮೂರನೆಯ ಚಳಿಗಾಲ. ಭೂಮಿಯ ಕಾವು ಇಳಿಸಬೇಕೆಂದು ಹತ್ತಾರು ದೇಶಗಳು ಸೇರಿ ಆಕಾಶದ ಎತ್ತರದಲ್ಲಿ, ಬಿಸಿಲನ್ನು ತಿರುಗಿಸಿ ಕಳಿಸುವ ಒಂದು ಪುಡಿಯನ್ನು ಎರಚಿದ್ದವು. ಎರಡು ವರ್ಷಕ್ಕೆ ಇಳಿದುಬಿಡಬೇಕಾಗಿದ್ದ ಪುಡಿ ಇಳಿಯಲಿಲ್ಲ. ಗಾಳಿ ತನ್ನ ದಾರಿ ಬದಲಿಸಿತು. ಮಾರ್ಗಶಿರ ಬಂದರೆ ಬಯಲುಸೀಮೆಯ ಮೇಲೆ ಬೆಳ್ಳಗೆ ಸುರಿಯತೊಡಗಿತು. ಮೊದಲ ವರ್ಷ ಜನ ಬೀದಿಗಿಳಿದು ಕುಣಿದರು, ತಗಡಿನ ಚಾವಣಿಗಳು ಕುಸಿದು ಸತ್ತವರನ್ನು ಹೊರಗೆಳೆದು ಅತ್ತರು. ಎರಡನೆಯ ವರ್ಷ ಒಲೆ, ಕಂಬಳಿ, ಇಳಿಜಾರು ಚಾವಣಿ ಎಲ್ಲ ಕಲಿತರು. ಮೂರನೆಯ ವರ್ಷಕ್ಕೆ ಬಗೆಹರಿಯದೆ ಉಳಿದದ್ದು, ರಸ್ತೆಯ ಹಿಮವನ್ನು ಎತ್ತಿ ಎಲ್ಲಿ ಹಾಕುವುದು, ಗಾಡಿಯನ್ನು ಎಲ್ಲಿ ನಿಲ್ಲಿಸುವುದು ಎಂಬುದು. ಹಳೆಯ ಊರಿನ ಓಣಿಗಳಲ್ಲಿ ಮನೆಗೆ ಅಂಗಳವಿಲ್ಲ. ಹೊಸ್ತಿಲು ದಾಟಿದರೆ ರಸ್ತೆ. ಆಟೊ, ಟೆಂಪೊ, ವ್ಯಾನು ಎಲ್ಲವೂ ಬಾಗಿಲೆದುರೇ ನಿಲ್ಲಬೇಕು.

ಹಿಮ ತೆಗೆಯುವ ಗುತ್ತಿಗೆ ಹಿಡಿದದ್ದು ಶುಭ್ರಪಥ ಎಂಬ ಕಂಪನಿ. ಅವರು ತಂದ ಮೂವತ್ತನಾಲ್ಕು ಯಂತ್ರಗಳಿಗೆ ಜನ ಗೂಳಿ ಎಂದು ಹೆಸರಿಟ್ಟರು. ಬಸ್ಸಿನಷ್ಟು ಅಗಲ, ಒಳಗೆ ಚಾಲಕನಿಲ್ಲ. ಮುಂದಿನ ಬಾಯಿ ಹಿಮವನ್ನು ನುಂಗುತ್ತದೆ, ನೆತ್ತಿಯ ಮೇಲಿನ ಬಾಗಿದ ಕೊಳವೆ, ಅಂದರೆ ಕೊಂಬು, ಅದನ್ನು ಎಡಕ್ಕೋ ಬಲಕ್ಕೋ ಇಪ್ಪತ್ತು ಅಡಿ ದೂರ ಉಗುಳುತ್ತದೆ. ಉಗುಳಿದ ಹಿಮದಲ್ಲಿ ಕಲ್ಲಿನಂಥ ಗಡ್ಡೆಗಳಿರುತ್ತಿದ್ದವು. ಅದರಡಿ ಸಿಕ್ಕ ಗಾಡಿಯನ್ನು ಸಂಜೆಯೊಳಗೆ ಅಗೆಯದಿದ್ದರೆ ಮರುದಿನ ಹಾರೆಯೇ ಬೇಕು. ಕೊಂಬು ಯಾವ ಕಡೆ ತಿರುಗಬೇಕೆಂದು ಗೂಳಿಯೇ ತೀರ್ಮಾನಿಸುತ್ತಿತ್ತು.

ಸಂಗನಬಸು ಹಾರೆ ಎಸೆದ ಮರುದಿನ ಕೊಂಬು ಮೂಡಲ ಸಾಲಿನ ಕಡೆ ತಿರುಗಿತು. ಅದರ ಮರುದಿನವೂ.

"ಅಂಜತು ನೋಡ್ರಿ ಮಗಂದು!" ಎಂದು ಸಂಗನಬಸು ಓಣಿಯ ತುಂಬ ಹೇಳಿಕೊಂಡು ತಿರುಗಿದ. "ಬಡದ್ರ ಬುದ್ಧಿ ಬರ್ತೈತಿ, ದನಕ್ಕೂ ಅಷ್ಟ, ಮಷೀನಿಗೂ ಅಷ್ಟ."

ಪಡುವಲ ಸಾಲಿನ ನಾಲ್ಕನೆಯ ಮನೆಯ ಕಟ್ಟೆಯ ಮೇಲೆ ನಿಂತು ಈ ಮಾತಿಗೆ ನಕ್ಕವರಲ್ಲಿ ಕಸ್ತೂರಿಯೂ ಒಬ್ಬಳು. ಮೂವತ್ತೆಂಟರ ಹೆಂಗಸು. ಮೊದಲು ಒಂದು ಬಸ್ ಕಂಪನಿಯಲ್ಲಿ ಯಾವ ಬಸ್ಸು ಯಾವ ದಾರಿ ಹಿಡಿಯಬೇಕೆಂಬ ಪಟ್ಟಿ ಮಾಡುತ್ತಿದ್ದಳು. ಈಗ ಶುಭ್ರಪಥದ ನಿಯಂತ್ರಣ ಕೊಠಡಿಯಲ್ಲಿ ಹನ್ನೆರಡು ಗೂಳಿಗಳ ಮೇಲೆ ಕಣ್ಣಿಡುವುದು ಅವಳ ಕೆಲಸ. ಗಂಡ ವಿರೂಪಾಕ್ಷ ಮಾರ್ಕೆಟ್ಟಿನಿಂದ ಅಂಗಡಿಗಳಿಗೆ ಕಾಯಿಪಲ್ಲೆ ಸಾಗಿಸುವ ಟೆಂಪೊದವನು. ಗೂಳಿ ಯಾಕೆ ದಿಕ್ಕು ಬದಲಿಸಿತೆಂದು ಅವಳಿಗೂ ಗೊತ್ತಿರಲಿಲ್ಲ. ಗಂಡನ ಟೆಂಪೊ ಬೆಳಗ್ಗೆ ಹೊರಟಿತಲ್ಲ ಎಂಬ ಸಮಾಧಾನವಷ್ಟೇ.

ಮೂಡಲ ಸಾಲಿನವರು ನಾಲ್ಕು ದಿನ ತಡೆದುಕೊಂಡರು. ಐದನೆಯ ದಿನ ಅವರೂ ಹಾರೆ ಎಸೆದರು. ಒಂದಲ್ಲ, ಮೂರು. ಮಾಳಿಗೆಯಿಂದ ಒರಳಿನ ಗುಂಡನ್ನೂ ಉರುಳಿಸಿದರು. ಮರುದಿನ ಕೊಂಬು ಪಡುವಲಕ್ಕೆ ವಾಪಸಾಯಿತು.

ಅಲ್ಲಿಂದ ಓಣಿ ಎರಡಾಯಿತು. ಕೊಂಬು ತಮ್ಮ ಕಡೆಗಿದ್ದ ದಿನ ಒಂದು ಸಾಲಿನವರು ಗೂಳಿಯನ್ನು ಹೊಡೆದು ನಿಲ್ಲಿಸಲು ಬರುವುದು, ಅದು ನಿಲ್ಲದ ಹಾಗೆ ಕಾಯಲು ಎದುರು ಸಾಲಿನವರು ಬರುವುದು. ಗೂಳಿಗೆ ಬೀಳಬೇಕಾದ ಏಟು ಮನುಷ್ಯರ ಮೇಲೆ ಬೀಳತೊಡಗಿತು. ಆ ಸಂಕ್ರಮಣಕ್ಕೆ ಕುಸುರೆಳ್ಳು ಹಿಡಿದುಕೊಂಡು ಯಾರೂ ರಸ್ತೆ ದಾಟಲಿಲ್ಲ. ಹಬ್ಬದ ಮರುದಿನ ಎದುರುಮನೆಯ ಯಲ್ಲಪ್ಪ ಸಲಿಕೆ ಬೀಸಿದ್ದು ವಿರೂಪಾಕ್ಷನ ತಲೆಗೆ ತಾಗಿ ಬಲಗಿವಿ ಅರ್ಧ ಹರಿದು ಜೋತಾಡಿತು. ಯಲ್ಲಪ್ಪ ಶಾಲಾ ವ್ಯಾನು ಓಡಿಸುವವನು. ಮಾತು ಕಡಿಮೆ. ಅವನ ವ್ಯಾನು ಎಂಟು ದಿನದಿಂದ ಹಿಮದಡಿ ಇತ್ತು.

ಕಿವಿಗೆ ಹನ್ನೊಂದು ಹೊಲಿಗೆ ಬಿದ್ದವು.

* * *

ನಿಯಂತ್ರಣ ಕೊಠಡಿ ಊರಾಚೆಯ ಎತ್ತರದ ಕಟ್ಟಡದಲ್ಲಿತ್ತು. ಗೋಡೆಯ ತುಂಬ ಊರಿನ ನಕ್ಷೆ, ಅದರ ಮೇಲೆ ಮೂವತ್ತನಾಲ್ಕು ಹಸಿರು ಚುಕ್ಕೆ. ಗಂಡನ ಕಿವಿ ಹರಿದ ಮರುದಿನ ಕಸ್ತೂರಿ ಕೆಲಸಕ್ಕೆ ಬಂದವಳೇ ಹದಿನೇಳನೆಯ ಗೂಳಿಯ ಕಡತ ತೆರೆದಳು. ಹೊಸಬಾವಿ ಓಣಿಗೆ ಬರುತ್ತಿದ್ದದ್ದು ಅದೇ. ಪ್ರತಿ ರಸ್ತೆಯ ಪ್ರತಿ ಬದಿಗೂ ಅದು ಒಂದೊಂದು ಅಂಕಿ ಇಟ್ಟುಕೊಂಡಿತ್ತು. ಅಂಕಿ ಕಡಿಮೆ ಇದ್ದ ಬದಿಗೆ ಹಿಮ. ಆ ಅಂಕಿ ಎಲ್ಲಿಂದ ಬರುತ್ತದೆ ಎಂದು ಅವಳು ಹಿಂದಕ್ಕೆ ಹುಡುಕುತ್ತ ಹೋದಳು. ಮನೆ ಎಷ್ಟಿವೆ, ಗಾಡಿ ಎಷ್ಟಿವೆ, ಯಾರ ಬಾಗಿಲು ಎಲ್ಲಿದೆ, ಯಾವುದೂ ಅದರಲ್ಲಿರಲಿಲ್ಲ. ಇದ್ದದ್ದು ನಿಮಿಷಗಳು. ಈ ಬದಿಗೆ ಹಿಮ ಹಾಕುವಾಗ ಎಷ್ಟು ನಿಮಿಷ ತಡವಾಯಿತು ಎಂಬುದೊಂದೇ.

ಹಾರೆ ಎಸೆದರೆ ನಲವತ್ತು ನಿಮಿಷ. ಗುಂಡು ಉರುಳಿಸಿದರೆ ಎಪ್ಪತ್ತು. ತಡೆದವರ ಬದಿಯನ್ನು ಬಿಟ್ಟು ತಡೆಯದವರ ಬದಿಗೆ ಗೂಳಿ ತಿರುಗಿಕೊಳ್ಳುತ್ತಿತ್ತು. ರಸ್ತೆ ಬೇಗ ತೆರೆಯಬೇಕೆಂದು ಅದಕ್ಕೆ ಕಲಿಸಿದ್ದರು. ಅದು ಕಲಿತಿತ್ತು.

ಕಸ್ತೂರಿ ಇಡೀ ಊರನ್ನು ತೆರೆಯ ಮೇಲೆ ತಂದು, ಹಿಮ ಹೆಚ್ಚು ಬಿದ್ದ ಜಾಗಗಳಿಗೆ ಕೆಂಪು ಬಣ್ಣ ಕೊಟ್ಟಳು. ಹೆರಿಗೆ ಆಸ್ಪತ್ರೆಯ ಗೇಟು ಕೆಂಪಾಯಿತು. ಕುರುಡು ಮಕ್ಕಳ ಶಾಲೆ, ಹೆಣ್ಣುಮಕ್ಕಳ ಹಾಸ್ಟೆಲು, ಕುಂಬಾರರ ಓಣಿಯ ಕೊನೆಯ ಗುಡಿಸಲುಗಳು ಕೆಂಪಾದವು. ಪೈಲ್ವಾನರ ಗರಡಿಮನೆ ಇದ್ದ ರಸ್ತೆ, ಪುಢಾರಿಗಳ ಮನೆಗಳಿದ್ದ ರಸ್ತೆ ಬೆಳ್ಳಗೇ ಉಳಿದವು. ಅವಳು ಎದ್ದು ಮುಖ್ಯಸ್ಥನ ಮೇಜಿನ ಕಡೆ ಹೋದಳು.

ಮುಖ್ಯಸ್ಥ ಅಂಬೇಕರ ಐವತ್ತರ ಮನುಷ್ಯ, ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಕೂತಿರುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿದ.

"ಗೊತ್ತೈತಿ ಕಸ್ತೂರಿ ಅವರ," ಎಂದ.

"ಗೊತ್ತೈತೇನ್ರಿ? ಮತ್ತ ಸುಮ್ಮನ ಅದೀರಲ್ರಿ ಸರ್! ಯಾರು ಹೊಡೀತಾರ ಅವರನ್ನ ಬಿಟ್ಟು, ಯಾರು ಹೊಡ್ಯಾಂಗಿಲ್ಲ ಅವರ ಮ್ಯಾಲೆ ಹಾಕಾಕತ್ತೈತಿ."

"ನೂರಕ್ಕ ತೊಂಬತ್ನಾಕು ರಸ್ತೆ ಮಧ್ಯಾಹ್ನದೊಳಗ ತೆರೀತಾವು. ಬ್ಯಾರೆ ಯಾವ ಊರಾಗೂ ಇಷ್ಟಿಲ್ಲ. ಅದನ್ನ ನಾ ಮುಟ್ಟಾಂಗಿಲ್ಲ." ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಹೊಡಿಯೂದು ಕಲಿಸಿದವ್ರು ನಾವಲ್ಲ, ಅವ್ರು."

"ಹದಿನೇಳರ ಕಣ್ಣಿಗೆ ಡಾಂಬರ ಬಳದಾರ, ಮೂಡಲ ಸಾಲಿನವ್ರು. ಮುಂದ ಮನಷ್ಯಾ ನಿಂತ್ರೂ ಅದಕ್ಕೀಗ ಕಾಣಾಂಗಿಲ್ಲ. ಕಣ್ಣು ಮುಚ್ಚಿದ್ರ ತಾನ ನಿಲ್ಲಬೇಕಲ್ರಿ ಅದು? ಯಾಕ ನಿಂತಿಲ್ಲ?"

ಅಂಬೇಕರ ಕನ್ನಡಕ ಮತ್ತೆ ಹಾಕಿಕೊಂಡ. "ಆ ಎಚ್ಚರಿಕಿ ನಾನ ತಗಿಸೀನಿ. ಊರ ತುಂಬ ಡಾಂಬರ ಬಳ್ಯಾಕ ಹತ್ಯಾರ. ಅಷ್ಟೂ ನಿಂತ್ರ ರಸ್ತೆ ತೆರ್ಯಾವ್ರು ಯಾರು?"

ಸಂಜೆ ಮನೆಗೆ ಬಂದಾಗ ವಿರೂಪಾಕ್ಷ ಕಿವಿಗೆ ಪಟ್ಟಿ ಕಟ್ಟಿಕೊಂಡು ಒಲೆಯ ಮುಂದೆ ಕೂತು ಸಲಿಕೆಯ ಅಂಚನ್ನು ಅರದಿಂದ ಮಸೆಯುತ್ತಿದ್ದ. ಹಿಮ ತೆಗೆಯಲು ಸಲಿಕೆಗೆ ಅಷ್ಟು ಹರಿತ ಬೇಕಾಗಿರಲಿಲ್ಲ. ಕಸ್ತೂರಿ ಅವನ ಪಕ್ಕದಲ್ಲಿ ಕೂತು ತಾನು ಕಂಡದ್ದನ್ನೆಲ್ಲ ಬಿಡಿಸಿ ಹೇಳಿದಳು. ಜಗಳ ನಿಲ್ಲಲಿ ಎಂದೇ ಹೇಳಿದಳು.

"ಅದು ಅಂಜಿಲ್ರಿ. ಅದಕ್ಕ ಅಂಜಿಕಿ ಅಂದ್ರ ಏನಂತ ಗೊತ್ತಿಲ್ಲ. ನಿಮಿಷಾ ಎಣಸ್ತೈತಿ, ಅಷ್ಟ. ನೀವೂ ಯಲ್ಲಪ್ಪಣ್ಣನೂ ಸುಮ್ಮನ ಒಬ್ಬರನ್ನೊಬ್ಬರು ಕೊಲ್ಲಾಕ ಹೊಂಟೀರಿ."

ವಿರೂಪಾಕ್ಷನ ಕೈಯ ಅರ ನಿಂತಿತು. "ನಿಮಿಷಾ ಎಣಸ್ತೈತಿ?"

"ಹೂನ್ರಿ."

"ಹಂಗಂದ್ರ ಒಮ್ಮೆ ಐದಾರು ತಾಸು ತರಬಿದ್ರ?"

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. "ಐದಾರು ತಾಸು ಅಂದ್ರ... ಈ ಚಳಿಗಾಲ ಮುಗಿಯೂತನಾ ಈ ಕಡೆ ತಿರಗಾಂಗಿಲ್ಲ," ಎಂದುಬಿಟ್ಟಳು. ಹೇಳಿದ ಮೇಲೆ ಗಂಡನ ಮುಖ ನೋಡಿದಳು. ಅವನು ಆಗಲೇ ಎದ್ದು, ಚಪ್ಪಲಿ ಹುಡುಕಿಕೊಂಡು, ಸಂಗನಬಸುವಿನ ಮನೆಯ ಕಡೆ ಹೊರಟಿದ್ದ.

* * *

ಮೂರನೆಯ ದಿನ ಕೊಂಬು ಪಡುವಲಕ್ಕಿತ್ತು. ಆ ಬೆಳಗ್ಗೆ ಕಸ್ತೂರಿ ಕೊಠಡಿಯಲ್ಲಿದ್ದಳು. ಹಿಮದ ಆಳ ಅಳೆಯಲು ಓಣಿಯ ದೀಪದ ಕಂಬಕ್ಕೆ ಹಾಕಿದ್ದ ಕ್ಯಾಮೆರಾದಲ್ಲಿ ಅವಳು ತನ್ನ ಓಣಿಯನ್ನು ನೋಡುತ್ತಿದ್ದಳು. ಚಿತ್ರ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಪಡುವಲ ಸಾಲಿನವರು ಎರಡು ಕಂಬಗಳ ನಡುವೆ ದಪ್ಪ ಸರಪಳಿ ಬಿಗಿದು ವೆಲ್ಡಿಂಗ್ ಮಾಡಿಬಿಟ್ಟಿದ್ದರು. ಹಿಂದೆ ಟಯರುಗಳ ರಾಶಿ, ಸೀಮೆಎಣ್ಣೆಯ ಡಬ್ಬಿ. ಗೂಳಿ ಸರಪಳಿಗೆ ಸಿಕ್ಕಿಕೊಂಡಾಗ ಬೆಂಕಿ ಹಚ್ಚಿ ಇಂಜಿನ್ನನ್ನೇ ಸುಡಬೇಕೆಂಬುದು ಅವರ ಯೋಚನೆ. ಮೂಡಲ ಸಾಲಿನವರಿಗೆ ಸುದ್ದಿ ಮುಟ್ಟಿತ್ತು. ಮೂವತ್ತು ಜನ ಗರಗಸ, ಕೊಡಲಿ ಹಿಡಿದು ಸರಪಳಿ ಕಡಿಯಲು ನುಗ್ಗಿದರು.

ಐದು ನಿಮಿಷದಲ್ಲಿ ಯಾರು ಯಾವ ಸಾಲಿನವರೆಂದು ಗೊತ್ತಾಗದಂತೆ ಎಲ್ಲರೂ ಕಲಸಿಹೋದರು. ಸಲಿಕೆಯ ಏಟಿಗೆ ಒಬ್ಬನ ಮೊಣಕೈ ಹಿಂದುಮುಂದಾಯಿತು. ಸಂಗನಬಸು ಉರಿಯುತ್ತಿದ್ದ ಗ್ಯಾಸಿನ ನಳಿಗೆಯನ್ನು ಎದುರಿನವನ ಮುಖಕ್ಕೆ ಹಿಡಿದ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಹಿಮದಲ್ಲಿ ಹೊರಳಾಡಿದ. ಮಾಳಿಗೆಯಿಂದ ಹೆಂಗಸರು ಕುದಿನೀರು ಸುರಿದರು, ಅದು ತಮ್ಮವರ ಮೇಲೂ ಬಿತ್ತು. ಹಲ್ಲು ಉದುರಿದವನೊಬ್ಬ ಹಿಮದಲ್ಲಿ ಹಲ್ಲು ಹುಡುಕುತ್ತ ಕೂತಿದ್ದಾಗ ಯಾರೋ ಅವನ ಬೆನ್ನಿಗೆ ಒದ್ದರು.

ಹದಿನೇಳನೆಯ ಗೂಳಿ ತಿರುವಿನಿಂದ ಒಳಗೆ ಬಂತು. ಕಣ್ಣಿನ ಮೇಲೆ ಕಪ್ಪು ಡಾಂಬರು.

ಕಸ್ತೂರಿ ನಿಲ್ಲಿಸುವ ಗುಂಡಿ ಒತ್ತಿದಳು. ಓಣಿಯ ಎರಡು ಸಂಪರ್ಕ ಕಂಬಗಳನ್ನು ಜನ ಹಿಂದಿನ ವಾರವೇ ಕಲ್ಲು ಹೊಡೆದು ಬೀಳಿಸಿದ್ದರು. ಆಜ್ಞೆ ಊರು ಸುತ್ತಿಕೊಂಡು ಗೂಳಿಗೆ ಮುಟ್ಟಲು ಆರು ಸೆಕೆಂಡು ಬೇಕಿತ್ತು.

ಆ ಆರು ಸೆಕೆಂಡಿನಲ್ಲಿ ಅವಳು ತನ್ನ ಗಂಡನನ್ನು ಕಂಡಳು. ಪಟ್ಟಿ ಕಟ್ಟಿದ ಕಿವಿಯಿಂದ ಗುರುತು ಸಿಕ್ಕಿತು. ಅವನ ಎದುರಿಗೆ ಯಲ್ಲಪ್ಪ, ಗೂಳಿಗೆ ಬೆನ್ನು ಹಾಕಿ. ವಿರೂಪಾಕ್ಷ ಸಲಿಕೆಯ ಹಿಡಿಯನ್ನು ಅಡ್ಡ ಮಾಡಿ ಅವನ ಎದೆಗೆ ಕೊಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೂಕುತ್ತಿದ್ದರು. ವಿರೂಪಾಕ್ಷ ಒಮ್ಮೆ ತಲೆ ಎತ್ತಿ, ಗೂಳಿ ಎಷ್ಟು ದೂರದಲ್ಲಿದೆ ಎಂದು ನೋಡಿದ. ಆಮೇಲೆ ಕಾಲು ಊರಿ ಜೋರಾಗಿ ತಳ್ಳಿದ.

ಯಲ್ಲಪ್ಪನ ಕೋಟಿನ ಅಂಚನ್ನು ಸುರುಳಿ ಮೊದಲು ಹಿಡಿಯಿತು. ಅವನು ಎರಡೂ ಕೈಯಿಂದ ನೆಲ ಹಿಡಿಯಲು ನೋಡಿದ. ನೆಲದಲ್ಲಿ ಹಿಡಿಯಲು ಏನೂ ಇರಲಿಲ್ಲ. ಸೊಂಟದವರೆಗೆ ಒಳಗೆ ಹೋದಾಗಲೂ ಕೈ ಆಡುತ್ತಿತ್ತು. ಕೊಂಬಿನಿಂದ ಹಾರಿದ ಹಿಮ ಕೆಂಪಾಗಿ, ಮುದ್ದೆ ಮುದ್ದೆಯಾಗಿ ಪಡುವಲ ಸಾಲಿನ ಗೋಡೆಗಳ ಮೇಲೆ, ಕಸ್ತೂರಿಯ ಮನೆಯ ಕಿಟಕಿಯ ಮೇಲೆ ಬಿತ್ತು. ಆಗ ಗೂಳಿ ನಿಂತಿತು.

ಓಣಿಯಲ್ಲಿ ಹೊಡೆದಾಟವೂ ನಿಂತಿತು. ಎಲ್ಲರೂ ಕೈಯಲ್ಲಿದ್ದುದನ್ನು ಹಿಡಿದುಕೊಂಡೇ ನಿಂತುಬಿಟ್ಟರು.

ಪೊಲೀಸರು ಕೇಳಿದಾಗ ಪಡುವಲ ಸಾಲಿನವರು ಒಂದೇ ಬಾಯಲ್ಲಿ ಹೇಳಿದರು: ಕಾಲು ಜಾರಿ ಬಿದ್ದ. ಮೂಡಲ ಸಾಲಿನವರಲ್ಲಿ ಯಾರೂ ಹತ್ತಿರದಿಂದ ಕಂಡಿರಲಿಲ್ಲ. ಕಂಪನಿಯೂ ಕಾಲು ಜಾರಿದ್ದು ಎಂದೇ ಬರೆದುಕೊಟ್ಟಿತು. "ಕಂಬದ ಕ್ಯಾಮೆರಾ ಅವತ್ತ ಕೆಟ್ಟಿತ್ತು ಅಂತ ಹೇಳೋಣ. ಅದು ಹೊರಗ ಬಂದ್ರ ಕಣ್ಣಿನ ವಿಷಯನೂ ಬರ್ತೈತಿ," ಎಂದು ಅಂಬೇಕರ ಕಸ್ತೂರಿಗೆ ತಗ್ಗಿದ ದನಿಯಲ್ಲಿ ಹೇಳಿದ. ಅವನು ಊಟಕ್ಕೆ ಎದ್ದಾಗ ಅವಳು ಆ ಕ್ಯಾಮೆರಾದ ಚಿತ್ರವನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಆ ಸಂಜೆ ಮನೆಗೆ ಹೋಗದೆ, ಕೆಲಸ ಹೆಚ್ಚಿದೆ ಎಂದು ಹೇಳಿಕಳಿಸಿ ಅಲ್ಲೇ ಉಳಿದಳು.

ಗೂಳಿಯ ಕಡತದಲ್ಲಿ ಆ ದಿನದ ಸಾಲಿನಲ್ಲಿ ಹೀಗಿತ್ತು: ಹೊಸಬಾವಿ ಓಣಿ, ಪಡುವಲ ಬದಿ, ತಡ ಮುನ್ನೂರ ಇಪ್ಪತ್ತು ನಿಮಿಷ.

* * *

ಮರುದಿನ ಹದಿನೇಳರ ಬದಲಿಗೆ ಒಂಬತ್ತನೆಯ ಗೂಳಿ ಬಂತು. ಯಂತ್ರ ಬೇರೆ, ಅಂಕಿಗಳು ಅವೇ. ಓಣಿಗೆ ಕಾಲಿಡುತ್ತಲೇ ಅದು ಕೊಂಬನ್ನು ಮೂಡಲಕ್ಕೆ ತಿರುಗಿಸಿತು.

ಯಲ್ಲಪ್ಪನ ಹೆಣವನ್ನು ಆಸ್ಪತ್ರೆಯಿಂದ ಬಿಳಿ ಬಟ್ಟೆಯ ಗಂಟಿನಲ್ಲಿ ಆಗತಾನೇ ತಂದಿದ್ದರು. ಬಾಗಿಲ ಮುಂದೆ ಬಿದಿರಿನ ಚಟ್ಟ ಸಿದ್ಧವಾಗಿತ್ತು. ಅವನ ಹೆಂಡತಿ ನೀಲವ್ವ ಹೊಸ್ತಿಲ ಮೇಲೆ ಕೂತಿದ್ದಳು. ಕೊಂಬಿನಿಂದ ಬಂದ ಮೊದಲ ಗಡ್ಡೆ ಚಟ್ಟದ ಮೇಲೆ ಬಿದ್ದು ಬಿದಿರು ಮುರಿಯಿತು. ಎರಡನೆಯದು ಒಬ್ಬ ಮುದುಕನ ಹಣೆ ಒಡೆಯಿತು. ನೀಲವ್ವ ಏಳಲಿಲ್ಲ. ಹಿಮ ಅವಳ ಮಡಿಲು ತುಂಬಿ, ಸೊಂಟ ಮುಚ್ಚಿ, ತೆರೆದ ಬಾಗಿಲಿನಿಂದ ಒಳಗೆ, ಗಂಟಿನ ಮೇಲೆ ಸುರಿಯಿತು.

ಕಸ್ತೂರಿ ಅದನ್ನು ತೆರೆಯ ಮೇಲೆ ಕಂಡಳು. ಗುಂಡಿ ಒತ್ತಿ ಗೂಳಿಯನ್ನು ನಿಲ್ಲಿಸಿದಳು.

"ಯಾಕ ನಿಲ್ಲಿಸಿದ್ರಿ? ಅಲ್ಲೆ ಯಾರೂ ಅಡ್ಡ ಬಂದಿಲ್ಲಲ್ಲ," ಎಂದ ಅಂಬೇಕರ, ಅವಳ ಹಿಂದೆ ಬಂದು ನಿಂತು.

ಗೂಳಿ ಕೆಟ್ಟು ನಿಂತಾಗ ತಡವಾದ ನಿಮಿಷಗಳನ್ನು ಕೈಯಿಂದ ತುಂಬಲು ಒಂದು ಪುಟವಿತ್ತು. ಕಸ್ತೂರಿ ಅದನ್ನು ತೆರೆದು ತುಂಬತೊಡಗಿದಳು. ಹೆರಿಗೆ ಆಸ್ಪತ್ರೆಯ ಬದಿ, ಮುನ್ನೂರ ಇಪ್ಪತ್ತು ನಿಮಿಷ. ಕುರುಡು ಮಕ್ಕಳ ಶಾಲೆ, ಮುನ್ನೂರ ಇಪ್ಪತ್ತು. ಕುಂಬಾರರ ಓಣಿ, ಎರಡೂ ಬದಿ, ಮುನ್ನೂರ ಇಪ್ಪತ್ತು.

ಅಂಬೇಕರನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವನು ಅವಳ ಮಣಿಕಟ್ಟು ಹಿಡಿದು ತಿರುವಿದ. "ತಲಿ ಕೆಟ್ಟೈತೇನು? ಬಿಡ್ರಿ ಅದನ್ನ!"

ಕಸ್ತೂರಿ ಇನ್ನೊಂದು ಕೈಗೆ ಸಿಕ್ಕ ಚಹಾದ ಫ್ಲಾಸ್ಕನ್ನು ಅವನ ಮುಖಕ್ಕೆ ಬೀಸಿದಳು. ಮೂಗಿನ ಎಲುಬು ಮುರಿದ ಸದ್ದು ಅವಳಿಗೇ ಕೇಳಿಸಿತು. ಅವನು ನಿಂತಲ್ಲೇ ಕುಸಿದು, ಕೋಟಿನ ಮೇಲೆ ರಕ್ತ ಸೋರಿಸಿಕೊಂಡು, ತೆವಳುತ್ತ ಹೊರಗೆ ಹೋದ. ಅವಳು ಒಳಗಿನಿಂದ ಅಗುಳಿ ಹಾಕಿಕೊಂಡಳು. ಜೀವಮಾನದಲ್ಲಿ ಯಾರಿಗೂ ಕೈ ಎತ್ತಿದವಳಲ್ಲ. ತಿರುಗಿ ಬಂದು ಮತ್ತೆ ತುಂಬತೊಡಗಿದಳು. ಹೊರಗೆ ಕಾವಲುಗಾರರು ಬಾಗಿಲು ಒಡೆಯುತ್ತಿದ್ದಂತೆ ಅವಳು ಇನ್ನೂರ ಹನ್ನೆರಡು ರಸ್ತೆಗಳನ್ನು ತುಂಬಿ ಮುಗಿಸಿದಳು. ಕೆಂಪಾಗಿದ್ದ ಯಾವ ಬದಿಯೂ ಈಗ ಸುಲಭದ ಬದಿಯಾಗಿ ಉಳಿದಿರಲಿಲ್ಲ, ಎಲ್ಲಕ್ಕಿಂತ ಕಡಿಮೆ ಅಂಕಿ ಈಗ ಗರಡಿಮನೆಯ, ಪುಢಾರಿಗಳ ರಸ್ತೆಗಳದ್ದು. ಬಾಗಿಲು ಮುರಿದು ಒಳಗೆ ಬಂದವರು ಅವಳನ್ನು ಜಡೆ ಹಿಡಿದು ಎಳೆದು ಮೆಟ್ಟಿಲ ಮೇಲಿಂದ ದಬ್ಬಿದರು. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಮನೆಯವರೆಗೆ ನಡೆದೇ ಹೋದಳು.

ವಿರೂಪಾಕ್ಷ ಮನೆಯಲ್ಲಿದ್ದ. ಕಿಟಕಿಯ ಗಾಜನ್ನು ಒಳಗಿನಿಂದ ಒರೆಸುತ್ತಿದ್ದ. ಕಲೆ ಇದ್ದದ್ದು ಹೊರಗೆ.

"ನಾ ನೋಡೀನಿ," ಎಂದಳು ಕಸ್ತೂರಿ.

ಅವನು ತಿರುಗಲಿಲ್ಲ. "ಏನ್ ನೋಡೀಯಿ?"

"ನೀವು ತಲಿ ಎತ್ತಿ ನೋಡಿದ್ದು. ಆಮ್ಯಾಲೆ ದಬ್ಬಿದ್ದು."

ಬಟ್ಟೆ ಕೆಳಗೆ ಬಿತ್ತು. ಅವನು ಒಂದೇ ಹೆಜ್ಜೆಗೆ ಬಂದು ಅವಳ ಕುತ್ತಿಗೆಗೆ ಕೈ ಹಾಕಿ ಗೋಡೆಗೆ ಒತ್ತಿದ. "ನೀನ ಹೇಳಿದ್ದಲ್ಲ, ನಿಮಿಷಾ ಬೇಕಂತ! ಐದಾರು ತಾಸು ಅಂತ ನಿನ್ನ ಬಾಯಿಲೆ ಹೇಳಿದಿ! ಈಗ ಈ ಕಡೀಗೆ ಬರಾಂಗಿಲ್ಲ ಅದು. ಸಾಲಿನ ಮಂದಿ ಎಲ್ಲಾ ನನಗ ಕೈ ಮುಗ್ಯಾಕತ್ಯಾರ!"

ಅವಳು ಅವನ ಹರಿದ ಕಿವಿಯನ್ನು ಹಿಡಿದು ಎಳೆದಳು. ಹೊಲಿಗೆ ಬಿಚ್ಚಿಕೊಂಡವು. ಅವನು ಕಿರುಚಿ ಕೈಬಿಟ್ಟು ಕೆಳಗೆ ಕೂತ. ಬೆರಳಸಂದಿಯಿಂದ ರಕ್ತ ಇಳಿಯಿತು.

"ಅಂವಾ ನನ್ನ ಕಿವಿ ಹರದಾನ," ಎಂದ, ಅಳುವ ದನಿಯಲ್ಲಿ.

"ನಿಮ್ಮ ಕಿವೀನ ಹೊಲದ್ರು. ಅಂವನ್ನ ಹೊಲ್ಯಾಕ ಬರಲಿಲ್ಲ. ಗಂಟು ಕಟ್ಟಿ ತಂದಾರ."

ಹದಿನಾರು ವರ್ಷ ಒಟ್ಟಿಗೆ ಬಾಳಿದವನು. ಅವನನ್ನು ಹಾಗೇ ನೆಲದ ಮೇಲೆ ಬಿಟ್ಟು ಅವಳು ಹೊರಗೆ ಬಂದಳು.

* * *

ರಸ್ತೆಯ ನಡುವೆ ಒಂಬತ್ತನೆಯ ಗೂಳಿ ನಿಂತೇ ಇತ್ತು. ಅದನ್ನು ಬಳಸಿಕೊಂಡು ಎದುರು ಸಾಲಿಗೆ ಹೋದಳು. ಮೂಡಲ ಸಾಲಿನ ಗಂಡಸರು ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದರು. ಅವಳನ್ನು ಕಂಡು ಸಲಿಕೆ ನಿಲ್ಲಿಸಿದರು. ನೀಲವ್ವ ತಾನೂ ಒಂದು ಸಲಿಕೆ ಹಿಡಿದು, ಒದ್ದೆ ಸೀರೆಯಲ್ಲೇ, ಗಂಡನ ಹೆಣದ ಮೇಲಿನ ಹಿಮ ತೆಗೆದು ಹೊರಗೆ ಹಾಕುತ್ತಿದ್ದಳು.

"ನೀಲಕ್ಕಾ," ಎಂದಳು ಕಸ್ತೂರಿ. "ಯಲ್ಲಪ್ಪಣ್ಣ ಕಾಲು ಜಾರಿ ಬಿದ್ದಿಲ್ಲ. ನಮ್ಮನಿಯವ್ರು ದಬ್ಯಾರ. ಗೂಳಿ ಬರೂದು ನೋಡಿ, ಬೇಕಂತಲೇ ದಬ್ಯಾರ. ನನ್ನ ಕಡೆ ಚಿತ್ರಾ ಐತಿ."

ನೀಲವ್ವ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಸಲಿಕೆ ತಿರುಗಿಸಿ ಬೀಸಿದಳು. ಮೊದಲ ಏಟು ಹೆಗಲಿಗೆ. ಎರಡನೆಯದು ಹಣೆಯ ಮೇಲಿನ ಚರ್ಮ ಸೀಳಿತು. ಕಸ್ತೂರಿ ಮಂಡಿಯೂರಿದಳು. ನೀಲವ್ವ ಬೆನ್ನಿಗೆ, ತೋಳಿಗೆ, ಮತ್ತೆ ಬೆನ್ನಿಗೆ ಹೊಡೆದಳು. ಯಾರೂ ಬಿಡಿಸಲು ಬರಲಿಲ್ಲ. ಕಸ್ತೂರಿ ಕೈ ಅಡ್ಡ ಹಿಡಿಯಲಿಲ್ಲ. ಕೊನೆಗೆ ನೀಲವ್ವನಿಗೆ ಏದುಸಿರು ಹತ್ತಿ ಸಲಿಕೆ ಕೈಯಿಂದ ಜಾರಿತು.

"ಸ್ಟೇಶನ್ನಿಗೆ ನಡೀರಿ," ಎಂದಳು ಕಸ್ತೂರಿ, ಬಾಯೊಳಗಿನ ರಕ್ತ ಉಗುಳಿ. "ಫಿರ್ಯಾದಿ ನೀವು ಕೊಡಬೇಕು. ಸಾಕ್ಷಿ ನಾ ಹೇಳ್ತೀನಿ. ಮಣ್ಣು ಮಾಡೂಕಿಂತ ಮೊದಲ ಹೋಗೋಣು."

ಓಣಿಯಿಂದ ಯಾವ ಗಾಡಿಯೂ ಹೊರಡುವಂತಿರಲಿಲ್ಲ. ಇಬ್ಬರೂ ನಡೆದರು. ನೀಲವ್ವ ನಾಲ್ಕು ಹೆಜ್ಜೆ ಮುಂದೆ, ಕಸ್ತೂರಿ ಹಿಂದೆ, ಒಂದು ಕಣ್ಣು ರಕ್ತದಿಂದ ಮುಚ್ಚಿಕೊಂಡು. ಪಡುವಲ ಸಾಲಿನ ಬಾಗಿಲುಗಳಲ್ಲಿ ಜನ ನಿಂತಿದ್ದರು. ಸಂಗನಬಸು ದಾರಿಗೆ ಅಡ್ಡ ಬಂದು, "ಕಸ್ತೂರಕ್ಕಾ, ಹಿಂಗ ಮಾಡಬ್ಯಾಡ, ಅಂವ ನಿನ್ನ ಗಂಡ," ಎಂದ. ಅವಳು ಅವನನ್ನು ಬಳಸಿಕೊಂಡು ಮುಂದೆ ಹೋದಳು. ಅವನು ಹಿಂದಿನಿಂದ ಒಂದು ಮಂಜುಗಡ್ಡೆ ಎಸೆದ. ಅದು ತಗಲಲಿಲ್ಲ.

ಅರ್ಧ ದಾರಿಯಲ್ಲಿ ನೀಲವ್ವ ನಿಂತು, ತಿರುಗದೆಯೇ ಕೇಳಿದಳು: "ಸಾಯೂಮುಂದ ಏನರ ಅಂದಾರೇನು?"

"ನಮ್ಮ ಚಿತ್ರದಾಗ ಸದ್ದು ಬರಾಂಗಿಲ್ಲ ನೀಲಕ್ಕ."

ನೀಲವ್ವ ಮತ್ತೆ ನಡೆದಳು.

ಮುಂದಿನದು ಊರಿಗೆಲ್ಲ ಗೊತ್ತು. ಮರುದಿನ ಬೆಳಗ್ಗೆ ಗೂಳಿಗಳು ಅದುವರೆಗೆ ಮುಟ್ಟದ ಬಾಗಿಲುಗಳ ಕಡೆ ಕೊಂಬು ತಿರುಗಿಸಿದವು. ಪುಢಾರಿಗಳ ಕಾರುಗಳು ಹೂತುಹೋದವು. ಮಧ್ಯಾಹ್ನದೊಳಗೆ ಸಾವಿರ ಜನ ನಿಯಂತ್ರಣ ಕೊಠಡಿಗೆ ನುಗ್ಗಿ ಬೆಂಕಿ ಹಚ್ಚಿದರು, ಕಾವಲುಗಾರರಲ್ಲಿ ಇಬ್ಬರು ಸತ್ತರು. ಗುತ್ತಿಗೆ ರದ್ದಾಯಿತು. ಈಗ ಗೂಳಿಗಳಿಗೆ ಚಾಲಕರಿ‌ದ್ದಾರೆ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಎಚ್ಚರಿಕೆ ತೆಗೆಸಿದ್ದಕ್ಕೆ ಅಂಬೇಕರನಿಗೆ ಎರಡು ವರ್ಷ, ವಿರೂಪಾಕ್ಷನಿಗೆ ಜೀವಾವಧಿ ಶಿಕ್ಷೆಯಾಯಿತು. ಮೂಗು ಮುರಿದ ಕೇಸು ಕಸ್ತೂರಿಯ ಮೇಲೂ ನಡೆಯಿತು.

ಆ ದಿನ ಸ್ಟೇಶನ್ನಿನಲ್ಲಿ ಒಬ್ಬ ನಡುವಯಸ್ಸಿನ ಹವಾಲ್ದಾರ ಇದ್ದ. ಒಲೆಯ ಪಕ್ಕ ಇಬ್ಬರಿಗೂ ಬೆಂಚು ತೋರಿಸಿ, ನೀಲವ್ವನ ಫಿರ್ಯಾದಿ ಬರೆದುಕೊಂಡ. ಚಿತ್ರವನ್ನು ಎರಡು ಸಲ ನೋಡಿದ. ಮೂರನೆಯ ಸಲ ನೋಡಲಿಲ್ಲ.

"ಆರೋಪಿ ನಿಮಗ ಏನಾಗಬೇಕ್ರಿ?" ಎಂದು ಕಸ್ತೂರಿಯನ್ನು ಕೇಳಿದ.

"ಗಂಡ."

ಅವನು ಬರೆದುಕೊಂಡು, ತಲೆ ಎತ್ತಿ ಅವಳ ಹಣೆ ನೋಡಿದ. ಗಾಯದಿಂದ ಇನ್ನೂ ಹನಿಯುತ್ತಿತ್ತು. "ಇದ ಯಾರ ಹೊಡದ್ರಿ?"

"ಯಾರೂ ಇಲ್ರಿ. ಬರೂಮುಂದ ಬರ್ಫದಾಗ ಬಿದ್ದೆ."

ನೀಲವ್ವ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದಳು.

"ಬಿದ್ದಿಲ್ಲ," ಎಂದಳು. "ನಾ ಹೊಡದೀನಿ, ಸಲಿಕೀಲೆ. ಅದನ್ನೂ ಬರಕೋರಿ."

ಹವಾಲ್ದಾರ ಇಬ್ಬರನ್ನೂ ನೋಡಿದ. ಆಮೇಲೆ ಹೊಸ ಹಾಳೆ ತೆಗೆದು ನೀಲವ್ವನ ಹೆಸರನ್ನು ಮತ್ತೊಮ್ಮೆ ಕೇಳಿದ.